ಮನೆಯಲ್ಲೇ ಆರೈಕೆ: ಯಾರ ಹೆಗಲಿಗೆ, ಯಾರ ಆಸರೆ?

ಬೆಳಗಿನ ಜಾವ ಐದೂವರೆಗೆ ಫೋನ್ ರಿಂಗಾದರೆ ಯಾರ ಎದೆ ತಾನೇ ಧಸಕ್ಕೆನ್ನಲ್ಲ ಹೇಳಿ? ನಮ್ಮ ಮನೆಯಲ್ಲೂ ಹಾಗೇ ಆಯ್ತು. ಮಧುಗಿರಿ ಪಕ್ಕದ ನಮ್ಮೂರಿಂದ ಅತ್ತೆ ಫೋನ್ ಮಾಡಿದ್ದರು. “ನಿಮ್ಮ ಮಾವ ಏಳ್ತಾನೇ ಇಲ್ಲ ಕಣಮ್ಮ, ಬಾಯಿ ಒಂದ್ ಕಡೆಗೆ ಸೊಟ್ಟಗಾಗಿದೆ, ಏನ್ ಹೇಳ್ತಾರೋ ಗೊತ್ತಾಗ್ತಿಲ್ಲ” ಅಂದರು. ಲಕ್ವ ಹೊಡೆದಿತ್ತು. ಪಕ್ಕದ ಮನೆ ಹುಡುಗ ತಡಮಾಡದೆ 108ಕ್ಕೆ ಫೋನ್ ಮಾಡಿದ್ದರಿಂದ ಜೀವ ಉಳಿಯಿತು. ಹನ್ನೊಂದು ದಿನ ಆಸ್ಪತ್ರೆ. ಡಿಸ್ಚಾರ್ಜ್ ದಿನ ಡಾಕ್ಟರ್ ಒಂದೇ ಮಾತು ಹೇಳಿದರು: “ಇನ್ನು ಮನೇಲೇ ನೋಡ್ಕೊಳ್ಳಿ.”

ಆ ಒಂದು ಮಾತಿನ ಒಳಗೆ ಎಷ್ಟು ಕೆಲಸ ಇದೆ ಅಂತ ಆಗ ನನಗೆ ಗೊತ್ತಿರಲಿಲ್ಲ. ಹೊರಳಿಸುವುದು, ಒರೆಸುವುದು, ಊಟ ಮಾಡಿಸುವುದು, ಡಯಾಪರ್ ಬದಲಿಸುವುದು, ರಾತ್ರಿ ಮೂರು ಸಲ ಏಳುವುದು. ನಾವಿರುವುದು ತುಮಕೂರಲ್ಲಿ, ಮಕ್ಕಳ ಸ್ಕೂಲು ಇಲ್ಲಿ. ಅತ್ತೆಗೇ ಮಂಡಿನೋವು. ಮೈದುನ ಬೆಂಗಳೂರಲ್ಲಿ, ನಾದಿನಿ ಹಿಂದೂಪುರದಲ್ಲಿ. “ಇಲ್ಲಿಗೇ ಕರ್ಕೊಂಡ್ ಬಂದ್ಬಿಡೋಣ” ಅಂತ ಇವರು. “ನನ್ ಮನೆ ಬಿಟ್ಟು ಎಲ್ಲಿಗೂ ಬರಲ್ಲ” ಅಂತ ಮಾವ, ತೊದಲುತ್ತಲೇ.

ಈ ಲೇಖನ ಓದ್ತಾ ಇರೋ ನಿಮ್ಮಲ್ಲಿ ಅನೇಕರ ಮನೆಯ ಕಥೆಯೂ ಇದೇ ಇರಬಹುದು. ಮಧುಗಿರಿ, ಶಿರಾ, ಕೊರಟಗೆರೆ, ಪಾವಗಡ ಕಡೆಯ ಮನೆಗಳಿಂದ ಮಕ್ಕಳು ಬೆಂಗಳೂರು, ತುಮಕೂರು ಸೇರಿದ್ದಾರೆ. ಊರಲ್ಲಿ ಉಳಿದವರು ವಯಸ್ಸಾದವರು. ಅವರು ಹಾಸಿಗೆ ಹಿಡಿದಾಗ ಮನೆಯಲ್ಲೇ ಇಟ್ಟು ಆರೈಕೆ ಮಾಡುವುದು ನಿಜಕ್ಕೂ ಫಲ ಕೊಡುತ್ತಾ? ಯಾರಿಂದ ಸಹಾಯ ಸಿಗುತ್ತೆ? ಮೂರು ವರ್ಷದಲ್ಲಿ ನಾನು ಕೇಳಿ, ಓದಿ, ಎಡವಿ ಕಲಿತದ್ದನ್ನು ಇಲ್ಲಿ ಹಂಚಿಕೊಳ್ತಿದ್ದೇನೆ.

ಫಲ ಇದೆಯೇ? ಅಧ್ಯಯನಗಳು ಹೇಳುವುದೇನು?

ಮೊದಲು ಸ್ವಲ್ಪ ಕಹಿ ಸತ್ಯ. ಭಾರತದ 14 ಆಸ್ಪತ್ರೆಗಳಲ್ಲಿ ಲಕ್ವ ಹೊಡೆದ 1,250 ಮಂದಿಯ ಮೇಲೆ ನಡೆದ ಒಂದು ದೊಡ್ಡ ಅಧ್ಯಯನ 2017ರಲ್ಲಿ ‘ಲ್ಯಾನ್ಸೆಟ್’ ಪತ್ರಿಕೆಯಲ್ಲಿ ಪ್ರಕಟವಾಯಿತು. ಅರ್ಧದಷ್ಟು ರೋಗಿಗಳ ಮನೆಯವರಿಗೆ ವ್ಯಾಯಾಮ, ಆರೈಕೆ ಹೇಳಿಕೊಟ್ಟು ಕಳಿಸಿದರು. ಉಳಿದವರಿಗೆ ಮಾಮೂಲಿ ಚಿಕಿತ್ಸೆ. ಆರು ತಿಂಗಳ ನಂತರ ನೋಡಿದರೆ ಎರಡೂ ಗುಂಪಿನಲ್ಲಿ ಸುಮಾರು ಶೇ. 47ರಷ್ಟು ಮಂದಿ ತೀರಿಕೊಂಡಿದ್ದರು ಇಲ್ಲವೇ ಇನ್ನೊಬ್ಬರನ್ನು ಅವಲಂಬಿಸಿದ್ದರು. ಅಂದರೆ ಮನೆಯವರಿಗೆ ಹೇಳಿಕೊಟ್ಟು ‘ಇನ್ನು ನಿಮ್ಮ ಪಾಡು’ ಅಂದರೆ ರೋಗಿ ಬೇಗ ಎದ್ದು ಓಡಾಡುತ್ತಾರೆ ಅಂತ ಹೇಳಲು ಬರುವುದಿಲ್ಲ.

ಹಾಗಂತ ಮನೆ ಆರೈಕೆಯೇ ದಂಡ ಅಂದುಕೊಳ್ಳಬೇಡಿ. ಡಾಕ್ಟರು, ನರ್ಸು, ಫಿಸಿಯೋಥೆರಪಿಸ್ಟು ಒಂದು ತಂಡವಾಗಿ ಮನೆಗೇ ಬರುವ ವ್ಯವಸ್ಥೆ ಇರುವ ದೇಶಗಳಲ್ಲಿ, ಸಾಧಾರಣ ಮಟ್ಟದ ಲಕ್ವ ಆದವರು ಬೇಗ ಮನೆಗೆ ಬಂದೂ ಚೆನ್ನಾಗಿ ಚೇತರಿಸಿಕೊಂಡಿದ್ದಾರೆ. ಗೋವಾದಲ್ಲಿ ಮರೆವಿನ ಕಾಯಿಲೆ ಇರುವ 81 ಕುಟುಂಬಗಳ ಮೇಲೆ ನಡೆದ ಅಧ್ಯಯನ 2008ರಲ್ಲಿ ಪ್ರಕಟವಾಯಿತು. ಅಲ್ಲಿ ಸ್ಥಳೀಯ ಭಾಷೆ ಬಲ್ಲ ಸಾಮಾನ್ಯ ಜನರಿಗೇ ತರಬೇತಿ ಕೊಟ್ಟು ಮನೆಮನೆಗೆ ಕಳಿಸಿದ್ದರು. ರೋಗಿಯ ಕಾಯಿಲೆ ಅಷ್ಟೇನೂ ಬದಲಾಗಲಿಲ್ಲ, ಆದರೆ ನೋಡಿಕೊಳ್ಳುವವರ ಮಾನಸಿಕ ಆರೋಗ್ಯ ಸ್ಪಷ್ಟವಾಗಿ ಸುಧಾರಿಸಿತು. ಸ್ಕಿಜೋಫ್ರೇನಿಯಾ ಇರುವ 282 ಮಂದಿಯ ಮೇಲೆ ಗೋವಾ, ಮಹಾರಾಷ್ಟ್ರ, ತಮಿಳುನಾಡಿನಲ್ಲಿ ನಡೆದು 2014ರಲ್ಲಿ ಪ್ರಕಟವಾದ ಅಧ್ಯಯನದಲ್ಲೂ, ಮನೆಗೆ ಬಂದು ಹೋಗುವ ಕಾರ್ಯಕರ್ತರಿದ್ದ ಕಡೆ ರೋಗಿಗಳ ದಿನನಿತ್ಯದ ಬದುಕು ಸ್ವಲ್ಪ ಮಟ್ಟಿಗೆ ಹೆಚ್ಚು ಸುಧಾರಿಸಿತ್ತು. ನಮ್ಮ ಜಿಲ್ಲೆಯ ತುರುವೇಕೆರೆ ತಾಲ್ಲೂಕಿನಲ್ಲೂ ನಿಮ್ಹಾನ್ಸ್‌ನವರು ಇಂಥ ರೋಗಿಗಳನ್ನು ಊರಲ್ಲೇ ಇಟ್ಟು ನೋಡಿಕೊಳ್ಳುವ ಕೆಲಸ ಮಾಡಿದ್ದಾರೆ.

ಇದರಿಂದ ನನಗೆ ಅರ್ಥವಾಗಿದ್ದು ಇಷ್ಟು: ಮನೆಯವರ ಪ್ರೀತಿ ಬೇಕೇ ಬೇಕು, ಆದರೆ ಅದೊಂದೇ ಸಾಲದು. ತಿಳಿದವರು ಆಗಾಗ ಬಾಗಿಲಿಗೆ ಬರಬೇಕು, ನೋಡಬೇಕು, ತಿದ್ದಬೇಕು. ಆಗ ಮಾತ್ರ ಮನೆ ಆರೈಕೆಗೆ ಫಲ.

ನಾಲ್ಕು ತಾಲ್ಲೂಕು, ನಾಲ್ಕು ಥರದ ಪಾಡು

ಈ ನಾಲ್ಕೂ ತಾಲ್ಲೂಕು ಮಧುಗಿರಿ ಉಪವಿಭಾಗಕ್ಕೆ ಸೇರಿದವು. ಆದರೆ ಪರಿಸ್ಥಿತಿ ಒಂದೇ ಥರ ಇಲ್ಲ. ಕೊರಟಗೆರೆ ತುಮಕೂರಿಗೆ ಹತ್ತಿರ. ಶಿರಾ ಬೆಂಗಳೂರು-ಪುಣೆ ಹೆದ್ದಾರಿಯ ಮೇಲಿದೆ. ಪಾವಗಡವೋ ಮೂರು ಕಡೆಯೂ ಆಂಧ್ರ, ಜಿಲ್ಲಾ ಕೇಂದ್ರಕ್ಕೆ ನೂರು ಕಿಲೋಮೀಟರ್ ಆಸುಪಾಸು. ಹಾಸಿಗೆ ಹಿಡಿದವರನ್ನು ಅಷ್ಟು ದೂರ ಪದೇ ಪದೇ ಕರೆದುಕೊಂಡು ಹೋಗಿ ಬರುವುದು ಸುಲಭವೇ?

ಪಾವಗಡದ ಕಡೆ ಇನ್ನೊಂದು ಸಂಕಟ, ಫ್ಲೋರೈಡ್ ನೀರು. ವರ್ಷಗಟ್ಟಲೆ ಆ ಬೋರ್‌ವೆಲ್ ನೀರು ಕುಡಿದವರಿಗೆ ಮೂಳೆ, ಕೀಲು ಗಡುಸಾಗಿ ಬೆನ್ನು ಬಾಗುತ್ತೆ. ಇಂಥವರನ್ನು ಹೊರಳಿಸುವಾಗ, ಎತ್ತುವಾಗ ತುಂಬಾ ನಾಜೂಕಾಗಿರಬೇಕು. ಕೈ ಹಿಡಿದು ಜಗ್ಗಿದರೆ ನೋವು ಇಮ್ಮಡಿ. ಹಾಸಿಗೆ ಮೇಲೆ ಮಡಚಿದ ಹಳೇ ಬೆಡ್‌ಶೀಟು ಅಡ್ಡಲಾಗಿ ಹಾಸಿ, ಇಬ್ಬರು ಆ ಬಟ್ಟೆಯನ್ನೇ ಹಿಡಿದು ಹೊರಳಿಸಿದರೆ ಅವರಿಗೂ ಹಿತ, ನಿಮ್ಮ ಸೊಂಟಕ್ಕೂ ಹಿತ.

ಭಾಷೆಯ ವಿಚಾರವನ್ನೂ ಹೇಳಲೇಬೇಕು. ನನ್ನ ಗೆಳತಿಯೊಬ್ಬಳ ತವರು ಪಾವಗಡ ತಾಲ್ಲೂಕು, ಮನೆಮಾತು ತೆಲುಗು. ಮರೆವಿನ ಕಾಯಿಲೆ ಬಂದ ಮೇಲೆ ಅವಳ ಅಮ್ಮನಿಗೆ ಕನ್ನಡ ಪೂರ್ತಿ ಮರೆತೇ ಹೋಯಿತು. ಬೆಂಗಳೂರಿನ ಏಜೆನ್ಸಿಯಿಂದ ಕಳಿಸಿದ ಹುಡುಗಿಗೆ ತೆಲುಗು ಒಂದಕ್ಷರ ಬಾರದು. ಅಮ್ಮ ‘ನೀಳ್ಳು’ ಅಂತ ಕೂಗಿದರೆ ಆ ಹುಡುಗಿ ಬೆಪ್ಪಾಗಿ ನಿಲ್ಲೋಳು. ಕೊನೆಗೆ ಅದೇ ಬೀದಿಯ ಒಬ್ಬ ವಿಧವೆಗೆ ಕೆಲಸ ಕಲಿಸಿ ಇಟ್ಟುಕೊಂಡರು, ಅಮ್ಮನ ಗಲಾಟೆ ಅರ್ಧ ಇಳಿಯಿತು. ಯಾರನ್ನಾದರೂ ಇಡುವ ಮುಂಚೆ ಭಾಷೆ ಕೇಳುವುದನ್ನು ಮರೆಯಬೇಡಿ.

ಬಾಗಿಲಿಗೆ ಬರುವವರು ಯಾರು?

ಸಹಾಯವೇ ಇಲ್ಲ ಅಂತ ನಾವು ಗೊಣಗುತ್ತೇವೆ. ಇರುವ ಸಹಾಯವನ್ನು ಕೇಳಿ ಪಡೆಯುವವರೂ ಕಡಿಮೆ.

* ಆಶಾ ಕಾರ್ಯಕರ್ತೆ: ಊರಿನ ಪ್ರತಿ ಮನೆ ಅವರಿಗೆ ಗೊತ್ತು. ‘ನಮ್ಮ ಮನೇಲಿ ಹಾಸಿಗೆ ಹಿಡಿದವರಿದ್ದಾರೆ, ಬರ್ಕೊಳ್ಳಮ್ಮ’ ಅಂತ ಮೊದಲು ಅವರಿಗೆ ಹೇಳಿ.

* ಸಮುದಾಯ ಆರೋಗ್ಯ ಅಧಿಕಾರಿ: 2018ರಿಂದ ಉಪಕೇಂದ್ರಗಳನ್ನು ಆರೋಗ್ಯ ಮತ್ತು ಕ್ಷೇಮ ಕೇಂದ್ರಗಳನ್ನಾಗಿ ಮಾಡುತ್ತಾ ಬಂದರು. ಈಗ ಅವುಗಳ ಹೆಸರು ಆಯುಷ್ಮಾನ್ ಆರೋಗ್ಯ ಮಂದಿರ. ವೃದ್ಧರ ಆರೈಕೆ, ನೋವು ಶಮನದ ಆರೈಕೆ ಎರಡೂ ಅಲ್ಲಿನ ಸೇವೆಗಳ ಪಟ್ಟಿಯಲ್ಲಿವೆ. ಬಿಪಿ, ಶುಗರ್ ಪರೀಕ್ಷೆ, ಗಾಯದ ಡ್ರೆಸ್ಸಿಂಗ್ ಬಗ್ಗೆ ಇಲ್ಲಿ ಕೇಳಿ.

* ಗೃಹ ಆರೋಗ್ಯ: 2024ರ ಅಕ್ಟೋಬರ್‌ನಲ್ಲಿ ಕೋಲಾರ ಜಿಲ್ಲೆಯಲ್ಲಿ ಶುರುವಾಗಿ ನಂತರ ಬೇರೆ ಜಿಲ್ಲೆಗಳಿಗೂ ವಿಸ್ತರಿಸಿದ ರಾಜ್ಯ ಸರ್ಕಾರದ ಯೋಜನೆ. 30 ವರ್ಷ ದಾಟಿದವರಿಗೆ ಮನೆ ಬಾಗಿಲಲ್ಲೇ ಬಿಪಿ, ಶುಗರ್ ಮುಂತಾದವುಗಳ ತಪಾಸಣೆ. ಇದು ಹಾಸಿಗೆ ಹಿಡಿದವರ ಆರೈಕೆಯ ಯೋಜನೆ ಅಲ್ಲ. ಆದರೆ ಲಕ್ವಕ್ಕೆ ದೊಡ್ಡ ಕಾರಣವೇ ಬಿಪಿ ಅಲ್ಲವೇ? ಮನೆಯ ಉಳಿದವರು ತಪ್ಪದೆ ತೋರಿಸಿಕೊಳ್ಳಿ.

* ಗ್ರಾಮೀಣ ಪುನರ್ವಸತಿ ಕಾರ್ಯಕರ್ತರು: ಗ್ರಾಮ ಪಂಚಾಯಿತಿ ಮಟ್ಟದಲ್ಲಿ ಅಂಗವಿಕಲರಿಗಾಗಿ ಕೆಲಸ ಮಾಡುವವರು. ಇವರ ಬಗ್ಗೆ ನನಗೆ ಎರಡು ವರ್ಷ ಗೊತ್ತೇ ಇರಲಿಲ್ಲ! ತಾಲ್ಲೂಕು ಪಂಚಾಯಿತಿಯಲ್ಲಿ ವಿವಿಧೋದ್ದೇಶ ಪುನರ್ವಸತಿ ಕಾರ್ಯಕರ್ತರು ಇರುತ್ತಾರೆ. ಅಂಗವಿಕಲತೆಯ ಯುಡಿಐಡಿ ಕಾರ್ಡು, ಪಿಂಚಣಿ, ಗಾಲಿಕುರ್ಚಿಗೆ ಅರ್ಜಿ ಹೇಗೆ ಹಾಕಬೇಕು ಅಂತ ದಾರಿ ತೋರಿಸುವವರು ಇವರೇ.

* ವೃದ್ಧರ ಕ್ಲಿನಿಕ್: ಕೇಂದ್ರ ಸರ್ಕಾರದ ವೃದ್ಧರ ಆರೋಗ್ಯ ಕಾರ್ಯಕ್ರಮ 2010-11ರಿಂದ ಇದೆ. ಜಿಲ್ಲಾ ಆಸ್ಪತ್ರೆಯಲ್ಲಿ ವೃದ್ಧರಿಗೆ ಪ್ರತ್ಯೇಕ ವಾರ್ಡು, ಪ್ರಾಥಮಿಕ ಆರೋಗ್ಯ ಕೇಂದ್ರದಲ್ಲಿ ವಾರಕ್ಕೊಮ್ಮೆ ಕ್ಲಿನಿಕ್, ನಡೆಯಲಾರದವರ ಮನೆಗೆ ಭೇಟಿ, ಇವೆಲ್ಲ ಅದರ ಭಾಗ. ನಿಮ್ಮ ಕೇಂದ್ರದಲ್ಲಿ ಯಾವ ದಿನ ಅಂತ ಕೇಳಿ. ಇಲ್ಲ ಅಂದರೆ ಯಾಕಿಲ್ಲ ಅಂತಲೂ ಕೇಳಿ.

ಪಾವಗಡದಲ್ಲಿ ಸ್ವಾಮಿ ಜಪಾನಂದರ ರಾಮಕೃಷ್ಣ ಸೇವಾಶ್ರಮ ಕುಷ್ಠ, ಕ್ಷಯ ರೋಗಿಗಳಿಗೆ ಮತ್ತು ಕಣ್ಣಿನ ತೊಂದರೆ ಇರುವವರಿಗೆ ಮಾಡಿದ ಸೇವೆ ಆ ಕಡೆಯವರಿಗೆಲ್ಲ ಗೊತ್ತು. ಸಮಾಜ ದೂರ ಇಟ್ಟ ರೋಗಿಗಳನ್ನು ವರ್ಷಗಟ್ಟಲೆ ಬಿಡದೆ ಹಿಂಬಾಲಿಸಿ ನೋಡಿಕೊಂಡರೆ ಏನಾಗುತ್ತೆ ಅನ್ನುವುದಕ್ಕೆ ನಮ್ಮ ಸೀಮೆಯಲ್ಲೇ ಇರುವ ಉದಾಹರಣೆ ಅದು.

ಕೇರಳದವರು ಒಂದು ಹೆಜ್ಜೆ ಮುಂದೆ. 1993ರಲ್ಲಿ ಕೋಝಿಕ್ಕೋಡ್‌ನಲ್ಲಿ ಸಣ್ಣದಾಗಿ ಶುರುವಾದ ನೋವು ಶಮನ ಸೇವೆ, ಊರಿನ ಸ್ವಯಂಸೇವಕರಿಂದ ಬೆಳೆದು 2008ರಲ್ಲಿ ಸರ್ಕಾರದ ನೀತಿಯೇ ಆಯಿತು. ಪಂಚಾಯಿತಿಯ ನರ್ಸ್ ಮನೆಗೇ ಬರುತ್ತಾರೆ. ಜಪಾನಿನಲ್ಲಿ 2000ದಿಂದ 40 ವರ್ಷ ದಾಟಿದ ಎಲ್ಲರೂ ಆರೈಕೆ ವಿಮೆಗೆ ಹಣ ಕಟ್ಟುತ್ತಾರೆ, ವಯಸ್ಸಾದ ಮೇಲೆ ಅದರಿಂದಲೇ ಮನೆಗೆ ಸಹಾಯಕರು ಬರುತ್ತಾರೆ. ನಮ್ಮಲ್ಲಿ ಆಯುಷ್ಮಾನ್ ಕಾರ್ಡು ಆಸ್ಪತ್ರೆಗೆ ಸೇರಿದಾಗಿನ ಚಿಕಿತ್ಸೆಗೆ ಮಾತ್ರ. ತಿಂಗಳುಗಟ್ಟಲೆ ಮನೆಯಲ್ಲಿ ಇಡುವ ಹೋಂ ನರ್ಸ್ ಸಂಬಳಕ್ಕೆ ಅದು ಬರುವುದಿಲ್ಲ. ಈ ಲೆಕ್ಕ ಮೊದಲೇ ತಿಳಿದಿರಲಿ.

ಹೋಂ ನರ್ಸ್ ಇಡುವ ಮುನ್ನ

ನಾವು ಮೊದಲು ಒಂದು ಏಜೆನ್ಸಿಗೆ ಮುಂಗಡ ಕಟ್ಟಿ ಮೋಸಹೋದೆವು. ‘ಟ್ರೇನ್ಡ್ ನರ್ಸ್’ ಅಂತ ಕಳಿಸಿದರು. ಬಂದವಳು ಇಪ್ಪತ್ತು ವರ್ಷದ ಪಾಪದ ಹುಡುಗಿ, ಯಾವ ತರಬೇತಿಯೂ ಆಗಿರಲಿಲ್ಲ. ಒಂಬತ್ತನೇ ದಿನ ಹೇಳದೆ ಕೇಳದೆ ಹೊರಟಳು. ಅವಳದ್ದೂ ತಪ್ಪಿಲ್ಲ ಬಿಡಿ, ರಾತ್ರಿ ಹಗಲು ಒಬ್ಬಳೇ ಎಷ್ಟು ಅಂತ ಮಾಡ್ತಾಳೆ? ನೀವು ಈ ತಪ್ಪು ಮಾಡಬೇಡಿ.

1. ನಿಮಗೆ ಬೇಕಾಗಿರುವುದು ನರ್ಸೋ ಸಹಾಯಕಿಯೋ ಮೊದಲು ತೀರ್ಮಾನಿಸಿ. ಮೂಗಿನ ನಳಿಕೆ, ಮೂತ್ರದ ಕೊಳವೆ, ದೊಡ್ಡ ಗಾಯ ಇದ್ದರೆ ತರಬೇತಿ ಪಡೆದ ನರ್ಸ್ ಬೇಕು. ಸ್ನಾನ, ಊಟ, ಹೊರಳಿಸುವುದಕ್ಕೆ ಸಹಾಯಕಿ ಸಾಕು.
2. ಸರ್ಟಿಫಿಕೇಟು, ಆಧಾರ್ ಪ್ರತಿ, ಹಿಂದೆ ಕೆಲಸ ಮಾಡಿದ ಮನೆಯ ಫೋನ್ ನಂಬರ್ ಕೇಳಿ. ಫೋನ್ ಮಾಡಿ ವಿಚಾರಿಸಿ.
3. ರಜೆ ಹಾಕಿದರೆ ಬದಲಿ ಯಾರು, ಮುಂಗಡ ವಾಪಸ್ಸು ಯಾವಾಗ, ಇವನ್ನು ಬರಹದಲ್ಲಿ ಪಡೆಯಿರಿ.
4. ವಾರಕ್ಕೊಂದು ದಿನ ರಜೆ, ಮಲಗಲು ಜಾಗ, ಮನೆಯವರು ತಿನ್ನುವ ಊಟವನ್ನೇ ಕೊಡಿ. ಅವಳನ್ನು ಮನೆಯ ಪಾತ್ರೆ ತೊಳೆಯಲು ಹಚ್ಚಬೇಡಿ.
5. ಊರಲ್ಲೇ ಒಬ್ಬರಿಗೆ ಕಲಿಸಲು ಸಾಧ್ಯವೇ ನೋಡಿ. ನಾವು ಕೊನೆಗೆ ಹಾಗೇ ಮಾಡಿದೆವು. ಆಸ್ಪತ್ರೆಯ ನರ್ಸ್ ಹತ್ತಿರವೇ ಮೂರು ದಿನ ಕಲಿಸಿ, ಪಕ್ಕದ ಬೀದಿಯ ಹೆಂಗಸನ್ನು ಬೆಳಿಗ್ಗೆ ನಾಲ್ಕು ತಾಸು, ಸಂಜೆ ಎರಡು ತಾಸಿಗೆ ಇಟ್ಟುಕೊಂಡೆವು. ಅವಳು ಇವತ್ತಿಗೂ ಇದ್ದಾಳೆ.

ದಿನನಿತ್ಯ ನೆನಪಿಡಬೇಕಾದ್ದು

ಬೆನ್ನುಹುಣ್ಣು: ಹಾಸಿಗೆ ಹಿಡಿದವರ ದೊಡ್ಡ ಶತ್ರು. ಎರಡು ತಾಸಿಗೊಮ್ಮೆ ಮಗ್ಗುಲು ಬದಲಿಸಿ. ಗೋಡೆ ಗಡಿಯಾರದ ಕೆಳಗೆ ಒಂದು ಹಾಳೆ ಅಂಟಿಸಿ ‘ಎಡ, ಅಂಗಾತ, ಬಲ’ ಅಂತ ಗುರುತು ಹಾಕುತ್ತಾ ಹೋಗಿ. ಸೊಂಟ, ಹಿಮ್ಮಡಿ, ಭುಜದ ಮೂಳೆಯ ಜಾಗ ಕೆಂಪಾಗಿದೆಯೇ ದಿನಾ ನೋಡಿ. ಕೆಂಪಾದ ಜಾಗವನ್ನು ತಿಕ್ಕಬೇಡಿ, ಟ್ಯೂಬಿನ ಥರದ ರಿಂಗ್ ಇಡಬೇಡಿ. ಏರ್‌ಬೆಡ್ ಇದ್ದರೂ ಹೊರಳಿಸುವುದು ತಪ್ಪಿಸಬೇಡಿ. ನಮ್ಮ ಕಡೆ ಸಿದ್ದರಬೆಟ್ಟದ ಸೊಪ್ಪು, ನಾರು ಬೇರಿನ ಮೇಲೆ ನಂಬಿಕೆ ಜಾಸ್ತಿ. ನಂಬಿಕೆ ಇರಲಿ, ಆದರೆ ಬಾಯಿ ಬಿಟ್ಟ ಹುಣ್ಣಿನ ಮೇಲೆ ಅರೆದ ಸೊಪ್ಪು ಮೆತ್ತುವುದು ಬೇಡವೇ ಬೇಡ. ಕೀವಾದರೆ ಜೀವಕ್ಕೇ ಅಪಾಯ.

ಊಟ: ಇಲ್ಲಿ ನಮ್ಮ ಮನೆಯಲ್ಲಿ ದೊಡ್ಡ ಯುದ್ಧವೇ ನಡೆಯಿತು. ಮಾವನಿಗೆ ಮುದ್ದೆ ಇಲ್ಲದಿದ್ದರೆ ಊಟವೇ ಅಲ್ಲ. ಆದರೆ ಮುದ್ದೆ ಅಗಿಯದೆ ನುಂಗುವ ಪದಾರ್ಥ. ಲಕ್ವ ಆದವರಿಗೆ ನುಂಗುವ ಶಕ್ತಿ ಕುಂದಿದ್ದರೆ ಗಂಟಲಿಗೆ ಸಿಕ್ಕಿಕೊಳ್ಳಬಹುದು. ಪಾತಳವಾದ ನೀರು, ಸಾರು ಕೂಡ ಕೆಲವರಿಗೆ ಶ್ವಾಸನಾಳಕ್ಕೆ ಇಳಿದು ನ್ಯುಮೋನಿಯಾ ಆಗುತ್ತೆ. ನೀರು ಕುಡಿದ ಕೂಡಲೇ ಕೆಮ್ಮು ಬಂದರೆ, ದನಿ ಗೊರಗೊರ ಅಂದರೆ ಡಾಕ್ಟರಿಗೆ ಹೇಳಿ. ಯಾವ ಹದದ ಊಟ ಅಂತ ಅವರೇ ಹೇಳಲಿ. ನಮ್ಮ ಡಾಕ್ಟರ್ ಸಲಹೆಯಂತೆ ಗಟ್ಟಿ ರಾಗಿ ಅಂಬಲಿಯನ್ನು ಚಮಚದಲ್ಲಿ ಕೊಟ್ಟೆವು. “ರಾಗಿ ರುಚಿ ಬಾಯಿಗೆ ಬಿತ್ತು” ಅಂತ ಮಾವನ ಕಣ್ಣಲ್ಲಿ ನೀರು. ಊಟಕ್ಕೆ ಮೊದಲು ನೆಟ್ಟಗೆ ಕೂರಿಸಿ, ಊಟವಾದ ಅರ್ಧ ಗಂಟೆ ಮಲಗಿಸಬೇಡಿ.

ಕೊಳವೆ: ಮೂತ್ರದ ಚೀಲ ಯಾವಾಗಲೂ ಸೊಂಟಕ್ಕಿಂತ ಕೆಳಗಿರಲಿ, ನೆಲಕ್ಕೆ ತಾಗದಿರಲಿ. ಮುಟ್ಟುವ ಮೊದಲು, ಆಮೇಲೆ ಸೋಪಿನಿಂದ ಕೈ ತೊಳೆಯಿರಿ.

ತಡಮಾಡಬೇಡಿ: ಜ್ವರ, ಇದ್ದಕ್ಕಿದ್ದಂತೆ ಗೊಂದಲದ ಮಾತು, ಮೂತ್ರ ನಿಲ್ಲುವುದು, ಏದುಸಿರು, ಮತ್ತೆ ಬಾಯಿ ಸೊಟ್ಟಗಾಗುವುದು ಕಂಡರೆ ‘ಬೆಳಿಗ್ಗೆ ನೋಡೋಣ’ ಅನ್ನಬೇಡಿ. 108ಕ್ಕೆ ಫೋನ್ ಮಾಡಿ. ಲಕ್ವದಲ್ಲಿ ರಕ್ತದ ಗೆಡ್ಡೆ ಕರಗಿಸುವ ಔಷಧಿ ಕೆಲಸ ಮಾಡುವುದು ಮೊದಲ ನಾಲ್ಕೂವರೆ ಗಂಟೆಯೊಳಗೆ. ನಾಟಿ ಔಷಧಿಗೆ ಅಂತ ಆ ಸಮಯ ಕಳೆದುಕೊಂಡವರನ್ನು ನಾನೇ ನೋಡಿದ್ದೇನೆ.

ದುಡ್ಡು, ಕಾನೂನು

65 ವರ್ಷ ದಾಟಿದ ಬಡವರಿಗೆ ಸಂಧ್ಯಾ ಸುರಕ್ಷಾ ಪಿಂಚಣಿ ಇದೆ. 2021ರಲ್ಲಿ ಅದನ್ನು ತಿಂಗಳಿಗೆ 1,200 ರೂಪಾಯಿಗೆ ಏರಿಸಿದರು. ಶೇ. 40ಕ್ಕಿಂತ ಹೆಚ್ಚು ಅಂಗವಿಕಲತೆ ಇದ್ದರೆ ಬೇರೆ ಪಿಂಚಣಿಗೆ ಕೇಳಬಹುದು. ಸೆರೆಬ್ರಲ್ ಪಾಲ್ಸಿ, ಸ್ನಾಯುಕ್ಷಯ, ಪಾರ್ಕಿನ್ಸನ್ಸ್, ಮಲ್ಟಿಪಲ್ ಸ್ಕ್ಲೀರೋಸಿಸ್ ಇರುವವರನ್ನು ನೋಡಿಕೊಳ್ಳುವವರಿಗೆ ತಿಂಗಳಿಗೆ 1,000 ರೂಪಾಯಿ ಪ್ರೋತ್ಸಾಹಧನವನ್ನು ರಾಜ್ಯ ಸರ್ಕಾರ 2024-25ರ ಬಜೆಟ್‌ನಲ್ಲಿ ಘೋಷಿಸಿತು. ಮೊತ್ತ ಸಣ್ಣದೇ. ಆದರೆ ‘ನೋಡಿಕೊಳ್ಳುವುದೂ ಕೆಲಸ’ ಅಂತ ಸರ್ಕಾರ ಒಪ್ಪಿಕೊಂಡಿತಲ್ಲ, ಅದು ದೊಡ್ಡದು. ನಿಮ್ಮ ಮನೆಗೆ ಅನ್ವಯಿಸುತ್ತಾ ಅಂತ ಪುನರ್ವಸತಿ ಕಾರ್ಯಕರ್ತರನ್ನು ಕೇಳಿ.

ಆಸ್ತಿ ಬರೆಸಿಕೊಂಡು ತಂದೆ ತಾಯಿಯನ್ನು ಮರೆಯುವ ಮಕ್ಕಳೂ ಇದ್ದಾರೆ. 2007ರ ಹಿರಿಯ ನಾಗರಿಕರ ಕಾಯ್ದೆ ಇರುವುದು ಅದಕ್ಕೇ. ಈ ನಾಲ್ಕು ತಾಲ್ಲೂಕಿನವರು ಮಧುಗಿರಿಯ ಉಪವಿಭಾಗಾಧಿಕಾರಿಗಳ ಮುಂದೆ ಅರ್ಜಿ ಹಾಕಬಹುದು. ವಕೀಲರು ಬೇಕಿಲ್ಲ. ಕಾಯ್ದೆಯ ಪ್ರಕಾರ ತಿಂಗಳಿಗೆ ಗರಿಷ್ಠ 10,000 ರೂಪಾಯಿವರೆಗೆ ಜೀವನಾಂಶ ಕೊಡಿಸಬಹುದು. ನೋಡಿಕೊಳ್ಳಬೇಕೆಂಬ ಷರತ್ತಿನ ಮೇಲೆ ದಾನಪತ್ರ ಮಾಡಿಕೊಟ್ಟು ಮಕ್ಕಳು ನೋಡಿಕೊಳ್ಳದಿದ್ದರೆ ಆ ಪತ್ರ ರದ್ದು ಮಾಡಿಸಲೂ ಅವಕಾಶವಿದೆ. ಹಿರಿಯರಿಗಾಗಿ 14567 ಸಹಾಯವಾಣಿಯೂ ಇದೆ.

ಒಂದು ಸ್ವಾರಸ್ಯ ಗೊತ್ತೇ? ಈ ಕಾಯ್ದೆಯ ‘ಮಕ್ಕಳು’ ಎಂಬ ಪಟ್ಟಿಯಲ್ಲಿ ಮಗ, ಮಗಳು, ಮೊಮ್ಮಗ, ಮೊಮ್ಮಗಳು ಇದ್ದಾರೆ. ಸೊಸೆ ಇಲ್ಲ. ಆದರೆ ಮನೆಯಲ್ಲಿ ಡಯಾಪರ್ ಬದಲಿಸುವ ಕೈ ಯಾರದ್ದು ಅಂತ ನಿಮಗೇ ಗೊತ್ತು!

ನೋಡಿಕೊಳ್ಳುವವಳನ್ನು ನೋಡಿಕೊಳ್ಳುವವರು ಯಾರು?

2019ರ ರಾಷ್ಟ್ರೀಯ ಸಮಯ ಬಳಕೆ ಸಮೀಕ್ಷೆ ಪ್ರಕಾರ ಮನೆಯವರ ಆರೈಕೆ ಮಾಡುವ ಹೆಂಗಸರು ದಿನಕ್ಕೆ ಸರಾಸರಿ 134 ನಿಮಿಷ ಅದಕ್ಕೆ ಕೊಡುತ್ತಾರೆ, ಗಂಡಸರು 76 ನಿಮಿಷ. ಅಡುಗೆ, ಕಸ, ಪಾತ್ರೆಯ ಲೆಕ್ಕ ಬೇರೆ.

ಮೊದಲ ವರ್ಷ ನಾನು ವಾರಕ್ಕೆ ನಾಲ್ಕು ದಿನ ಊರಲ್ಲಿ, ಮೂರು ದಿನ ತುಮಕೂರಲ್ಲಿ. ಒಂದು ದಿನ ಮಾವ ಅನ್ನ ಉಗುಳಿದರು ಅಂತ ಕೂಗಾಡಿಬಿಟ್ಟೆ. ಆಮೇಲೆ ಹಿತ್ತಲಲ್ಲಿ ಕೂತು ಅತ್ತೆ. ಅತ್ತೆಯೇ ಬಂದು ಪಕ್ಕದಲ್ಲಿ ಕೂತರು. “ನಂಗೂ ಸಾಕಾಗೈತೆ ಕಣಮ್ಮ, ಬಾಯ್ಬಿಟ್ಟು ಹೇಳಕ್ಕಾಗಲ್ಲ ಅಷ್ಟೇ” ಅಂದರು. ಅವತ್ತೇ ಇವರನ್ನೂ ಮೈದುನನನ್ನೂ ನಾದಿನಿಯನ್ನೂ ಕೂರಿಸಿ ಪಟ್ಟಿ ಮಾಡಿದೆವು. ತಿಂಗಳ ಎರಡು ಶನಿವಾರ-ಭಾನುವಾರ ಗಂಡುಮಕ್ಕಳದ್ದು. ಹೊರಳಿಸುವುದರಿಂದ ಹಿಡಿದು ಎಲ್ಲ ಅವರದೇ. ಖರ್ಚು ಮೂರು ಪಾಲು. ಆಸ್ಪತ್ರೆಗೆ ಕರೆದೊಯ್ಯುವುದು ಮೈದುನ. ಮೊದಲ ಸಲ ಇವರು ಅಪ್ಪನ ಡಯಾಪರ್ ಬದಲಿಸಿದ ದಿನ ಮುಖ ನೋಡಬೇಕಿತ್ತು! ಈಗ ನನಗಿಂತ ಚೆನ್ನಾಗಿ ಮಾಡುತ್ತಾರೆ.

ನೀವೂ ಹೀಗೆ ಮಾಡಿ. ಕೇಳದೆ ಯಾರೂ ಬರುವುದಿಲ್ಲ, ಆದ್ದರಿಂದ ಬಾಯಿಬಿಟ್ಟು ಕೇಳಿ. ದಿನಕ್ಕೆ ಅರ್ಧ ಗಂಟೆಯಾದರೂ ನಿಮಗಾಗಿ ಇಟ್ಟುಕೊಳ್ಳಿ. ನಿದ್ದೆ ಬರದಿದ್ದರೆ, ಅಳು ನಿಲ್ಲದಿದ್ದರೆ ನಾಚಿಕೊಳ್ಳಬೇಡಿ. 2022ರಲ್ಲಿ ಶುರುವಾದ ಟೆಲಿ ಮಾನಸ್ ಸಹಾಯವಾಣಿ 14416ಕ್ಕೆ ಫೋನ್ ಮಾಡಿದರೆ ಕನ್ನಡದಲ್ಲೇ ಮಾತಾಡುತ್ತಾರೆ.

ಮನೆಯಲ್ಲಿ ಸಾಧ್ಯವೇ ಆಗದ ಸ್ಥಿತಿಯೂ ಬರಬಹುದು. ತಡೆಯಲಾರದ ನೋವು, ಪದೇ ಪದೇ ಉಸಿರಾಟದ ತೊಂದರೆ, ಹೊಡೆಯಲು ಬರುವಷ್ಟು ಮರೆವಿನ ಕಾಯಿಲೆ. ಆಗ ಆಸ್ಪತ್ರೆಗೋ ಆರೈಕೆ ಕೇಂದ್ರಕ್ಕೋ ಸೇರಿಸಿದರೆ ಅದು ಕೈಬಿಟ್ಟಂತಲ್ಲ. ಬೆಂಗಳೂರಿನ ಕರುಣಾಶ್ರಯದಂಥ ಸಂಸ್ಥೆ ಇರುವುದೇ ವಾಸಿಯಾಗದ ಹಂತ ತಲುಪಿದ ಕ್ಯಾನ್ಸರ್ ರೋಗಿಗಳ ನೋವು ಕಡಿಮೆ ಮಾಡಲಿಕ್ಕೆ. ‘ಜನ ಏನಂತಾರೆ’ ಅನ್ನುವ ಭಯಕ್ಕೆ ರೋಗಿಯನ್ನು ನರಳಿಸುವುದು ಸರಿಯಲ್ಲ.

ನಮ್ಮ ಮಾವ ಈಗಲೂ ಪೂರ್ತಿ ನಡೆಯುವುದಿಲ್ಲ. ವಾಕರ್ ಹಿಡಿದು ಜಗುಲಿವರೆಗೆ ಬರುತ್ತಾರೆ. ಅಲ್ಲಿ ಕೂತು ಮಧುಗಿರಿ ಬೆಟ್ಟ ನೋಡುತ್ತಾ, ದಾರಿಯಲ್ಲಿ ಹೋಗುವವರನ್ನೆಲ್ಲ ತೊದಲು ಮಾತಲ್ಲೇ ಮಾತಾಡಿಸುತ್ತಾರೆ. ತುಮಕೂರಿನ ನಮ್ಮ ಎರಡನೇ ಮಹಡಿಯ ಮನೆಗೆ ತಂದಿದ್ದರೆ ಇದು ಆಗುತ್ತಿತ್ತೇ ಅಂತ ಎಷ್ಟೋ ಸಲ ಅಂದುಕೊಳ್ಳುತ್ತೇನೆ. ಮೂರು ವರ್ಷದಲ್ಲಿ ಒಂದೇ ಒಂದು ಬೆನ್ನುಹುಣ್ಣು ಆಗಿಲ್ಲ. ಅದರಲ್ಲಿ ಅತ್ತೆಯ ಪಾಲಿದೆ, ಪಕ್ಕದ ಬೀದಿಯ ಆ ಹೆಂಗಸಿನ ಪಾಲಿದೆ, ಆಶಾ ಕಾರ್ಯಕರ್ತೆಯ ಪಾಲಿದೆ, ಶನಿವಾರ ಬಸ್ಸು ಹತ್ತುವ ಗಂಡುಮಕ್ಕಳ ಪಾಲೂ ಇದೆ. ಒಬ್ಬಳೇ ಹೊತ್ತಿದ್ದರೆ ನಾನು ಯಾವತ್ತೋ ಕುಸಿದುಬಿಡುತ್ತಿದ್ದೆ.

ನಿಮ್ಮ ಮನೆಯಲ್ಲೂ ಹಾಸಿಗೆ ಹಿಡಿದ ಹಿರಿಯರಿದ್ದರೆ ಇವತ್ತೇ ಎರಡು ಕೆಲಸ ಮಾಡಿ. ಊರಿನ ಆಶಾ ಕಾರ್ಯಕರ್ತೆಗೆ ಒಂದು ಫೋನ್ ಮಾಡಿ. ಆಮೇಲೆ ಮನೆಯವರನ್ನೆಲ್ಲ ಕೂರಿಸಿ ಯಾರ ಪಾಲಿಗೆ ಯಾವ ದಿನ ಅಂತ ಒಂದು ಪಟ್ಟಿ ಬರೆಯಿರಿ. ಆ ಪಟ್ಟಿಯಲ್ಲಿ ನಿಮ್ಮ ರಜೆಯ ದಿನವೂ ಇರಲಿ.